ಮುತ್ತಿ ಮೈ ತೊಳೆಸಿಕೊಂಡಳು

ನೀರು ಇನ್ನೂ ಬಿದ್ದಿರಲಿಲ್ಲ. ನಲ್ಲಿ ತಿರುಗಿಸಿದ್ದೆ ಅಷ್ಟೆ. ನೆಲದ ಮೇಲೆ ಸುರುಳಿ ಬಿದ್ದಿದ್ದ ಪೈಪಿನೊಳಗೆ ನೀರು ನುಗ್ಗಿ, ಪೈಪು ಒಂದು ಸಲ ಮೈ ಮುರಿಯಿತು. ಅದರ ಬಾಯಿಂದ ಮೊದಲು ಬಂದದ್ದು ಗಾಳಿ, ‘ಸುಸ್’ ಅಂತ. ಅಷ್ಟಕ್ಕೇ ಮುತ್ತಿಯ ಭುಜದ ಚರ್ಮ ಸರ್ರನೆ ಅದುರಿತು. ನೊಣ ಕೂತಾಗ ಅದುರುತ್ತದಲ್ಲ, ಹಾಗೆ. ನೊಣ ಮಾತ್ರ ಎಲ್ಲೂ ಇರಲಿಲ್ಲ. ಕಣ್ಣಿನ ಬಿಳಿ ಕಾಣಿಸಿತು, ಎರಡೂ ಕಿವಿ ಪೈಪಿನ ಕಡೆ ಚೂಪಾಗಿ ನಿಂತವು. ಆಮೇಲಿನದು ನಾಲ್ಕೈದು ಸೆಕೆಂಡಿನ ಕೆಲಸ. ಹಿಂದಕ್ಕೆ ಜಗ್ಗಿದಳು, ಹಗ್ಗ ಬಿಗಿಯಿತು. ಹಗ್ಗ ಬಿಗಿದದ್ದಕ್ಕೇ ಇನ್ನಷ್ಟು ಹೆದರಿ ಮುಂಗಾಲೆತ್ತಿ ನಿಂತಳು. ಹಿಂಗಾಲಿನ ಲಾಳ ಒದ್ದೆ ಸಿಮೆಂಟಿನ ಮೇಲೆ ಜಾರಿತು. ಅಷ್ಟು ದೊಡ್ಡ ಜೀವ ಪಕ್ಕಕ್ಕೆ ಬಿದ್ದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಅದು ಗಾಡಿ ತೊಳೆಯುವ ಕಟ್ಟೆ. ಪರಿಚಯದವರದು. ಲಾರಿ, ಟ್ರ್ಯಾಕ್ಟರು ತೊಳೆಯುವ ಕಡೆ ಕುದುರೆಯನ್ನೂ ತೊಳೆದುಬಿಡೋಣ, ನೀರಿನ ರಭಸಕ್ಕೆ ಕೆಂಪು ಧೂಳು ಒಂದೇ ಏಟಿಗೆ ಹೋಗುತ್ತದೆ ಅನ್ನುವ ಬುದ್ಧಿ ಬಂದದ್ದು ನನಗೇ. ಅವರು ಬೇಡ ಅಂದಿದ್ದರು. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಗಂಟು ಬಿಗಿದವನೂ ನಾನೇ. ಮುತ್ತಿಯ ಮುಂಗಾಲಿನ ಮಂಡಿ ಕಿತ್ತು ಹೋಗಿತ್ತು. ಪಶುವೈದ್ಯರು ಗಾಯ ತೊಳೆದು, ಮೊದಲು ಧನುರ್ವಾಯುವಿನ ಸೂಜಿ ಹಾಕಿದರು. ಸಾಕುಪ್ರಾಣಿಗಳಲ್ಲಿ ಧನುರ್ವಾಯು ಅತಿ ಸುಲಭವಾಗಿ ತಗಲುವುದು ಕುದುರೆಗೆ ಅಂತ ಅವತ್ತೇ ಗೊತ್ತಾದದ್ದು. ಕುದುರೆ ಸಾಕುವವರು ಚಿಕ್ಕ ಗಾಯವನ್ನೂ ಅರಿಶಿನ ಮೆತ್ತಿ ಬಿಡಬಾರದು.

ನಾನು ಕುಡತಿನಿಯವನು. ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದರೆ ಸುಮಾರು 20 ಕಿಲೋಮೀಟರ್. ಅಪ್ಪ ಕುಡತಿನಿ ಸ್ಟೇಷನ್ನಿನಿಂದ ಊರೊಳಗೆ ಜಟಕಾ ಹೊಡೆಯುತ್ತಿದ್ದ. ಆಟೋ ಬಂದವು, ಜಟಕಾ ಹೋಯಿತು, ಕುದುರೆ ಹುಚ್ಚು ಮಾತ್ರ ಮನೆಯಲ್ಲಿ ಉಳಿಯಿತು. ನಾನು ಪಿಕಪ್ ಗಾಡಿ ಓಡಿಸುತ್ತೇನೆ. ಮದುವೆ ಸೀಸನ್ನಿನಲ್ಲಿ ಮುತ್ತಿ ದುಡಿಯುತ್ತಾಳೆ. ಮದುಮಗನನ್ನು ಹೊತ್ತು ಬ್ಯಾಂಡಿನ ಮುಂದೆ ಅರ್ಧ ಕಿಲೋಮೀಟರ್ ನಡೆದರೆ ಮುಗಿಯಿತು. ಬ್ಯಾಂಡಿಗೆ, ಪಟಾಕಿಗೆ, ಟ್ಯೂಬ್‌ಲೈಟಿನ ಮೆರವಣಿಗೆಗೆ ಹೆದರದ ಕುದುರೆ ಒಂದು ಹಸಿರು ಪೈಪಿಗೆ ಹೆದರಿ ನೆಲಕ್ಕೆ ಬಿತ್ತು ಅಂದರೆ ನನಗೆ ಅವಮಾನವೇ ಆಗಿತ್ತು.

ಅವಳನ್ನು ತಂದದ್ದು ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯ ಮಾಳೇಗಾಂವ್ ಜಾತ್ರೆಯಿಂದ. ಖಂಡೋಬನ ಜಾತ್ರೆ, ಕುದುರೆ ವ್ಯಾಪಾರಕ್ಕೆ ಹೆಸರುವಾಸಿ. ನುಕ್ರಾ ಅನ್ನುತ್ತಾರೆ ಈ ಬಣ್ಣಕ್ಕೆ: ಬಿಳಿ ಕೂದಲು, ಅದರ ಕೆಳಗೆ ಗುಲಾಬಿ ಚರ್ಮ. ಸುಳಿ ನೋಡಿದೆ, ಹಲ್ಲು ನೋಡಿದೆ, ನಡಿಗೆ ನೋಡಿದೆ. ನೀರಿನ ಹತ್ತಿರ ಹೇಗೆ ನಿಲ್ಲುತ್ತಾಳೆ ಅಂತ ನೋಡಲಿಲ್ಲ. ಯಾರೂ ನೋಡುವುದಿಲ್ಲ. ಜಾತ್ರೆಯಲ್ಲಿ ಕೊಂಡ ಕುದುರೆಗೆ ನಾವು ಕಾಣದ ಒಂದು ಹಿಂದಿನ ಕಥೆ ಇರುತ್ತದೆ. ನಮ್ಮ ಸೀಮೆಗೆ ಇದೇನೂ ಹೊಸದಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಪರದೇಶದ ಉಡುಪಿನವರು ಕುದುರೆ ಹಿಡಿದು ಸಾಲಾಗಿ ಬರುವುದನ್ನು ಕೆತ್ತಿದ್ದಾರೆ. ಹೊರ್ಮೂಜಿನಿಂದ ಹಡಗಿನಲ್ಲಿ ಬಂದ ಕುದುರೆಗಳು ಅವು. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಸ್ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತರೆ ಬಾಲ ತಂದು ತೋರಿಸಿದರೆ ಸಾಕು. ಬಾಲ ಮಾತ್ರ ಬಂದ ಕುದುರೆಯ ವಿಷಯ ಬಿಡಿ. ಜೀವ ಹಿಡಿದು ಬಂದದ್ದು, ವಾರಗಟ್ಟಲೆ ಅಲ್ಲಾಡುವ ಹಲಗೆಯ ಮೇಲೆ ನಿಂತು ಉಪ್ಪುನೀರು ಮುಖಕ್ಕೆ ರಾಚಿಸಿಕೊಂಡು ಬಂದದ್ದು, ಇಲ್ಲಿ ಇಳಿದ ಮೇಲೆ ಒಂದು ಚೆಂಬು ನೀರು ಕಂಡರೆ ಏನು ಮಾಡುತ್ತಿತ್ತೋ! ಆ ಲಾಯದ ಆಳುಗಳು ಅವನ್ನು ಹೇಗೆ ಪಳಗಿಸಿದರೋ ಅಂತ ಹಂಪಿಗೆ ಹೋದಾಗಲೆಲ್ಲ ಆ ಕಲ್ಲಿನ ಮುಂದೆ ನಿಂತು ಯೋಚಿಸುತ್ತೇನೆ.

ತೊಳೆಯದೆ ಬಿಟ್ಟರಾಯಿತಲ್ಲ ಅಂತ ನೀವು ಕೇಳಬಹುದು. ನಿಜ, ಕುದುರೆಗೆ ದಿನಾ ಸ್ನಾನ ಬೇಕಿಲ್ಲ. ಖರಾರಾ ಬ್ರಷ್ಷು ಹಾಕಿ ಉಜ್ಜಿದರೆ ಸಾಕು, ಅದರ ಚರ್ಮದ ಎಣ್ಣೆಯೇ ಕೂದಲಿಗೆ ಹೊಳಪು ಕೊಡುತ್ತದೆ, ಮಳೆಯಿಂದ ಕಾಯುತ್ತದೆ. ಪದೇಪದೇ ಸಾಬೂನು ಹಾಕಿದರೆ ಆ ಎಣ್ಣೆ ಹೋಗಿ ಚರ್ಮ ಒಣಗುತ್ತದೆ, ಗೊರಸು ಸದಾ ಒದ್ದೆಯಾಗಿದ್ದರೆ ಅಡಿಭಾಗ ಕೊಳೆತು ವಾಸನೆ ಬರುತ್ತದೆ. ಆದರೆ ಕುಡತಿನಿಯಲ್ಲಿ ಬಿಳಿ ಕುದುರೆ ಸಾಕಿ ನೋಡಿ! ಇದು ಅದಿರು ಲಾರಿಗಳ ದಾರಿ. ಎರಡು ದಿನಕ್ಕೆ ಮುತ್ತಿ ತೆಳು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಾಳೆ, ಮಲಗಿದ ಕಡೆ ಲದ್ದಿಯ ಹಳದಿ ಕಲೆ ಬೇರೆ. ಧೂಳು, ಬೂದಿ ಈ ಊರಿಗೆ ಹೊಸದೇನಲ್ಲ ಬಿಡಿ. ಹೆದ್ದಾರಿಯ ಪಕ್ಕದ ನಮ್ಮ ಬೂದಿದಿಬ್ಬವನ್ನು ನೋಡಲು ಎಲ್ಲೆಲ್ಲಿಂದಲೋ ಪುರಾತತ್ವದವರು ಬರುತ್ತಾರೆ. ನಾವು ಚಿಕ್ಕವರಿದ್ದಾಗ ಅದು ರಾಕ್ಷಸರನ್ನು ಸುಟ್ಟ ಬೂದಿ ಅನ್ನುತ್ತಿದ್ದರು. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಗುಡ್ಡೆ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟದ್ದರಿಂದ ಆದ ದಿಬ್ಬ ಅಂತ ಸಂಶೋಧಕರು ಹೇಳುತ್ತಾರೆ. ಅಂದರೆ ದನ ಕರು ಕಟ್ಟಿಕೊಂಡು ಧೂಳು ಬೂದಿಯಲ್ಲಿ ಒದ್ದಾಡಿದವರಲ್ಲಿ ಇಲ್ಲಿ ನಾನೇ ಮೊದಲಿಗನಲ್ಲ.

ಮದುವೆಯವರಿಗೆ ಇದೆಲ್ಲ ಬೇಕಿಲ್ಲ, ಅವರಿಗೆ ಹಾಲಿನಂಥ ಬಿಳಿ ಬೇಕು. ಒಮ್ಮೆ ಯಾರೋ ಹೇಳಿದರೆಂದು ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿಗೆ ಬೆರೆಸಿ ಬಟ್ಟೆಯಲ್ಲಿ ಒರೆಸಿದೆ. ಮನೆಯ ನೆರಳಿನಲ್ಲಿ ಚೆನ್ನಾಗೇ ಕಂಡಿತು. ಮದುವೆ ಮನೆಯ ಬಿಸಿಲಿನಲ್ಲಿ ಕುದುರೆ ತಿಳಿನೀಲಿ. ಹುಡುಗಿಯ ಸೋದರಮಾವ ಸುತ್ತ ಒಂದು ಸುತ್ತು ಹಾಕಿ, “ಇದು ಯಾವ ದೇಶದ್ದಪ್ಪ?” ಅಂದ.

ಬಿದ್ದು ಗಾಯ ಮಾಡಿಕೊಂಡ ಮೇಲೆ ಮುತ್ತಿ ಬಕೆಟ್ ಕಂಡರೂ ಹಿಂದೆ ಸರಿಯತೊಡಗಿದಳು. ಊರಿನಲ್ಲಿ ಸಲಹೆಗೆ ಬರವೇ? ಮೇಲ್ತುಟಿಗೆ ಹಗ್ಗ ತಿರುಚಿ ಹಿಡಿ, ಅಲ್ಲಾಡಲ್ಲ ಅಂದರು. ಕಿವಿ ತಿರುಚು ಅಂದರು. ನಾಲ್ಕು ಜನ ಸೇರಿ ಒಮ್ಮೆ ನೀರು ಹೊಯ್ದುಬಿಟ್ಟರೆ ಹೆದರಿಕೆ ತಾನಾಗಿ ಬಿಡುತ್ತದೆ ಅಂದರು. ತುಟಿಗೆ ಹಗ್ಗ ಹಾಕುವುದನ್ನು ವೈದ್ಯರು ಸೂಜಿ ಹಾಕಲು ಎರಡು ಮೂರು ನಿಮಿಷಕ್ಕೆ ಬಳಸುವುದುಂಟು, ಅದು ಬೇರೆ ಮಾತು. ಕಿವಿ ತಿರುಚಿಸಿಕೊಂಡ ಕುದುರೆ ಮುಂದೆ ತಲೆ ಮುಟ್ಟಲೂ ಬಿಡುವುದಿಲ್ಲ, ಕಡಿವಾಣ ಹಾಕುವುದೇ ದಿನದ ಯುದ್ಧವಾಗುತ್ತದೆ. ನಾಲ್ಕು ಜನರ ಉಪಾಯ ಇನ್ನೂ ಅಪಾಯದ್ದು. ಓಡಲು ದಾರಿಯೇ ಇಲ್ಲದಾಗ ಕೆಲವು ಕುದುರೆ ಕಲ್ಲಿನಂತೆ ನಿಂತುಬಿಡುತ್ತವೆ. ‘ನೋಡು, ಸುಮ್ಮನಾಯಿತು’ ಅನ್ನುತ್ತೇವೆ. ಅದು ಸುಮ್ಮನಾದದ್ದಲ್ಲ, ಕೈಚೆಲ್ಲಿದ್ದು. ಇನ್ನೊಂದು ದಿನ ಯಾವುದೋ ಮಗುವಿನ ಮುಂದೆ ಸಿಡಿಯುತ್ತದೆ.

ಕೊನೆಗೆ ಬಳ್ಳಾರಿಗೆ ಹೋಗಿ, ಕೌಲ್ ಬಜಾರಿನಲ್ಲಿ ಅಪ್ಪನ ಕಾಲದ ಒಬ್ಬ ಟಾಂಗಾ ಸಾಬರನ್ನು ಕರೆದುಕೊಂಡು ಬಂದೆ. ಎಂಬತ್ತರ ಹತ್ತಿರದ ಜೀವ. ಕುದುರೆಯನ್ನು ನೋಡುತ್ತಾರೆ ಅಂದುಕೊಂಡರೆ ಅವರು ಮನೆ ಹಿಂದಿನ ಕಂಬದ ಸುತ್ತಲಿನ ನೆಲವನ್ನೇ ನೋಡುತ್ತ ನಿಂತರು. ಹಿಂದಿನ ದಿನ ಅಲ್ಲೇ ಬಕೆಟ್ಟಿನಿಂದ ತೊಳೆಯಲು ನೋಡಿದ್ದೆ. ಮಣ್ಣು ಉತ್ತ ಹೊಲದಂತೆ ಕಿತ್ತು ಹೋಗಿತ್ತು.

“ಬೇಟಾ, ನೆಲಾ ಓದಾಕ ಬರ್ತೈತೇನು?” ಅಂದರು. “ಎಷ್ಟು ಸುತ್ತು ಹಾಕ್ಯಾಳ ನೋಡು. ಅಕಿ ನೀರಿಗೆ ಅಂಜಿಲ್ಲ. ಹೋಗಾಕ ಬಿಡಂಗಿಲ್ಲಲ್ಲ ನೀನು, ಅದಕ್ಕ ಅಂಜ್ಯಾಳ.”

ಅದೇ ಬಕೆಟ್ಟಿನಿಂದ ಒಂದು ಬೊಗಸೆ ನೀರು ಎತ್ತಿ ಅವಳ ಮೂತಿಯ ಹತ್ತಿರ ಹಿಡಿದರು. ಮುತ್ತಿ ಮೂಸಿದಳು, ಕುಡಿದಳು! ನನಗೆ ನಗುವೂ ಬಂತು, ಸಿಟ್ಟೂ ಬಂತು.

ಆಮೇಲೆ ವೈದ್ಯರನ್ನು ಕೇಳಿ, ಅಲ್ಲಿ ಇಲ್ಲಿ ಓದಿ ಕುದುರೆಯ ಕಣ್ಣು ಕಿವಿಯ ಬಗ್ಗೆ ತಿಳಿದುಕೊಂಡದ್ದನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಸಾಬರ ಮಾತಿನ ಬೇರು ಅಲ್ಲಿದೆ. ಕುದುರೆ ಹುಲ್ಲುಗಾವಲಿನ ಪ್ರಾಣಿ. ಅದಕ್ಕೆ ಕೊಂಬಿಲ್ಲ, ಕೋರೆಯಿಲ್ಲ. ಅದರ ಮೊದಲ ಆಯುಧ ಓಟ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ತಿರುಗದೆಯೇ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಮತ್ತು ಬಾಲದ ಹಿಂದೆ. ನಾವು ನೀರು ಹಿಡಿಯಲು ನಿಲ್ಲುವುದು ಬಹಳ ಸಲ ಅಲ್ಲೇ. ಬಿಸಿಲಿನಿಂದ ನೆರಳಿಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳಲು ನಮ್ಮದಕ್ಕಿಂತ ಹೆಚ್ಚು ಹೊತ್ತು ಬೇಕು, ಹಾಗಾಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ನೀರಿನ ಮಡು ಅದಕ್ಕೆ ಆಳ ಗೊತ್ತಿಲ್ಲದ ಗುಂಡಿ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ, ಕುದುರೆಯದು 33,000ದವರೆಗೂ ಹೋಗುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ಬರುವ ಕೀರಲು ನಮಗೆ ಕೇಳಿದ್ದಕ್ಕಿಂತ ಜಾಸ್ತಿ ಅದಕ್ಕೆ ಕೇಳುತ್ತಿರಬೇಕು. ಚರ್ಮದ ಸೂಕ್ಷ್ಮವಂತೂ ಹೇಳಬೇಕಿಲ್ಲ, ಒಂದು ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುವ ಪ್ರಾಣಿ ಅದು. ಇಂಥದರ ಮೈ ಮೇಲೆ ಲಾರಿ ತೊಳೆಯುವ ನೀರು ಬಿಡಲು ಹೊರಟಿದ್ದೆ.

ಇನ್ನೊಂದು ಸಂಗತಿ ಯಾವ ಪುಸ್ತಕದಲ್ಲೂ ಇರಲಿಲ್ಲ, ಅದು ಬಳ್ಳಾರಿ ಬಿಸಿಲಿನ ಪಾಠ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮುತ್ತಿಯನ್ನು ದೂರ ಕಟ್ಟಿ, ನಲ್ಲಿ ತಿರುಗಿಸಿ, ಪೈಪಿನ ಬಾಯಿಗೆ ನನ್ನ ಮಣಿಕಟ್ಟು ಹಿಡಿದೆ. ತಟಕ್ಕನೆ ಕೈ ಎಳೆದುಕೊಂಡೆ. ಬಿಸಿಲಿಗೆ ಬಿದ್ದಿದ್ದ ಪೈಪಿನೊಳಗಿನ ನೀರು ಸುಡುತ್ತಿತ್ತು, ಕಾಫಿ ಲೋಟ ಹಿಡಿದಂತೆ. ಅರ್ಧ ನಿಮಿಷ ಹರಿದ ಮೇಲೆ ಬಿಸಿ ಕಡಿಮೆಯಾಯಿತು, ಆಮೇಲೂ ಮಾಳಿಗೆ ಮೇಲಿನ ತೊಟ್ಟಿಯ ನೀರು ಬಿಸಿಯಾಗಿಯೇ ಬರುತ್ತಿತ್ತು. ಅವಳನ್ನು ತಂದ ಮೊದಲ ಬೇಸಿಗೆಯಲ್ಲಿ ಇದೇ ಪೈಪಿನಿಂದ ನಾನು ಎಷ್ಟು ಸಲ ಆ ಮೊದಲ ನೀರನ್ನು ಅವಳ ಬೆನ್ನಿಗೆ ಬಿಟ್ಟಿದ್ದೆನೋ! ಆಗೆಲ್ಲ ಜಿಗಿದರೆ ‘ಹಟಮಾರಿ’ ಅಂತ ಬೈದಿದ್ದೆ. ಹಿಂದಿನ ಕಥೆ ಮಾಳೇಗಾಂವಿನದು ಅಂದುಕೊಂಡಿದ್ದೆ. ಅರ್ಧವಾದರೂ ಕುಡತಿನಿಯದೇ. ಆ ನೋವು ಅವಳಿಗೆ ಮರೆತಿರಲಿಲ್ಲ.

ಹೊಸದಾಗಿ ಶುರು ಮಾಡಿದೆವು. ಹಗ್ಗ ಹಿಡಿಯಲು ಮಗಳು, ಪೈಪಿಗೆ ನಾನು, ಬೇವಿನ ಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂತ ಸಾಬರು. ಅವರು ನಾಲ್ಕು ದಿನ ಇದ್ದರು, ಉಳಿದದ್ದನ್ನು ಫೋನಿನಲ್ಲೇ ಹೇಳಿದರು. ಮೊದಲು ಜಾಗ ಬದಲಾಯಿತು. ಸಿಮೆಂಟು ಬಿಟ್ಟು ಬೇವಿನ ಮರದ ಕೆಳಗಿನ ಗರಸು ನೆಲಕ್ಕೆ ಬಂದೆವು. ನೀರು ಹರಿದು ಹೋಗುವಷ್ಟು ಇಳಿಜಾರು, ಲಾಳ ಜಾರದಷ್ಟು ಒರಟು. ಕಂಬಕ್ಕೆ ಕಟ್ಟುವುದು ಬಂದ್. ಉದ್ದನೆಯ ಹಗ್ಗ ಮಗಳ ಕೈಯಲ್ಲಿ, ಕೈಗೆ ಸುತ್ತಿಕೊಳ್ಳದೆ ಮಡಿಕೆ ಮಾಡಿ ಹಿಡಿಯಬೇಕು. ಸುತ್ತಿಕೊಂಡರೆ ಕುದುರೆ ಓಡಿದಾಗ ಬೆರಳು ಹೋಗುತ್ತದೆ. ಅವಳು ನಿಲ್ಲುವುದು ಕುದುರೆಯ ಭುಜದ ಪಕ್ಕ, ನಾನು ಇರುವ ಕಡೆಯಲ್ಲೇ. ಇಬ್ಬರೂ ಒಂದೇ ಪಕ್ಕ ಇದ್ದರೆ ಗಾಬರಿಯಾದ ಕುದುರೆ ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ, ಯಾರ ಮೇಲೂ ಬೀಳುವುದಿಲ್ಲ.

ಮೊದಲ ಮೂರು ದಿನ ನೀರೇ ಇಲ್ಲ. ಒಣ ಪೈಪನ್ನು ಮುತ್ತಿಯ ಮೇವಿನಿಂದ ಹತ್ತು ಹೆಜ್ಜೆ ದೂರ ಹಾಕಿದೆವು. ತಿನ್ನುತ್ತ ಒಂದು ಕಣ್ಣಿನಲ್ಲಿ ನೋಡಿದಳು. ಮರುದಿನ ಐದು ಹೆಜ್ಜೆ. ಮೂರನೆಯ ದಿನ ಅವಳೇ ಬಂದು ಮೂಸಿ, ಹಲ್ಲಿನಲ್ಲಿ ಹಿಡಿದು ಎತ್ತಿ ಬಿಸಾಕಿದಳು. ಸಾಬರು ಚಪ್ಪಾಳೆ ತಟ್ಟಿದರು.

ನಾಲ್ಕನೆಯ ದಿನ ಪೈಪಿನಲ್ಲಿ ನೀರು ಬಿಟ್ಟು ದೂರದ ಮಣ್ಣಿನ ಮೇಲೆ ಹರಿಸಿದೆ, ಅವಳ ಕಡೆ ತಿರುಗಿಸಲೇ ಇಲ್ಲ. ಸದ್ದು ಕೇಳಿಸಿಕೊಳ್ಳಲಿ ಅಂತ. ತಲೆ ಎತ್ತಿದಳು, ಎರಡು ಹೆಜ್ಜೆ ಹಿಂದೆ ಹೋದಳು, ಮಗಳು ಹಗ್ಗ ಸಡಿಲ ಬಿಟ್ಟಳು. ಹೋಗಲು ಬಿಟ್ಟ ಮೇಲೆ ಹೋಗುವ ಅವಸರ ಅವಳಿಗೆ ಇರಲಿಲ್ಲ. ನಿಂತು ನೋಡಿದಳು. ಕಿವಿ ಒಂದು ಅತ್ತ, ಒಂದು ಇತ್ತ. ಆ ಕ್ಷಣವೇ ನಾನು ನಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ‘ಇನ್ನೂ ಸ್ವಲ್ಪ’ ಅಂದುಕೊಂಡೆ. ಅವಳು ಮತ್ತೆ ಸರಿದಳು. ನನಗೆ ಪಾಪ ಅನಿಸಿ ಆಗ ನಿಲ್ಲಿಸಿದೆ. ಕಟ್ಟೆಯ ಮೇಲಿಂದ ಸಾಬರು ಗದರಿದರು: “ಈಗ ಏನ್ ಕಲಿಸಿದಿ ಗೊತ್ತೇನು? ಸರಿದ್ರ ನೀರು ನಿಲ್ತೈತಿ ಅಂತ ಕಲಿಸಿದಿ!”

ಇಡೀ ವಿದ್ಯೆ ಇರುವುದು ಇಷ್ಟರಲ್ಲೇ. ಕುದುರೆ ಕಲಿಯುವುದು ನೀರು ಬಿದ್ದಾಗ ಅಲ್ಲ, ನಿಂತಾಗ. ಯಾವ ಕ್ಷಣಕ್ಕೆ ತೊಂದರೆ ನಿಲ್ಲುತ್ತದೋ ಆ ಕ್ಷಣದಲ್ಲಿ ತಾನು ಮಾಡುತ್ತಿದ್ದದ್ದೇ ಸರಿ ಅಂತ ಅದು ಲೆಕ್ಕ ಹಾಕುತ್ತದೆ. ಕುಣಿದಾಗ ನಿಲ್ಲಿಸಿದರೆ ಕುಣಿತ ಕಲಿಯುತ್ತದೆ, ನಿಂತಾಗ ನಿಲ್ಲಿಸಿದರೆ ನಿಲ್ಲುವುದನ್ನು. ಸರಿದಾಗ ನೀರನ್ನು ಹೆಚ್ಚಿಸಬಾರದು, ಕಸಿದುಕೊಳ್ಳಲೂಬಾರದು. ಇದ್ದ ಜಾಗದಲ್ಲೇ ಹಿಡಿದು, ಅದರ ಜೊತೆ ಹೆಜ್ಜೆ ಹಾಕುತ್ತ, ಒಂದು ಕ್ಷಣ ಕಾಲು ನಿಂತಿತೋ ತಕ್ಷಣ ನೀರು ಆಚೆ. ಅಷ್ಟನ್ನೂ ತಾಳದು ಅನಿಸಿದರೆ ನಾವು ಆತುರಪಟ್ಟೆವು ಅಂತ ಅರ್ಥ, ಹಿಂದಿನ ದಿನದ ಪಾಠಕ್ಕೆ ಮರಳಬೇಕು. ನಲ್ಲಿ ದೂರ ಇರುವುದರಿಂದ ನಾನು ಪೈಪಿನ ತುದಿಯನ್ನು ಮಡಚಿ ಹಿಡಿಯುವ ಅಭ್ಯಾಸ ಮಾಡಿಕೊಂಡೆ. ಬೆರಳು ಒತ್ತಿದರೆ ನಿಂತಿತು, ಬಿಟ್ಟರೆ ಬಂತು.

ಐದನೆಯ ದಿನದಿಂದ ಮುಂಗಾಲಿನ ಗೊರಸು. ಗೊರಸಿಗೆ ನೀರು ಬಿದ್ದರೆ ಕುದುರೆಗೆ ಹೆಚ್ಚೇನೂ ತಿಳಿಯದು, ಮಣ್ಣಿನಲ್ಲಿ ನಡೆಯುವ ಅಂಗ ಅದು. ಮೆಲ್ಲನೆ ಹರಿಯುವ ನೀರು, ರಭಸ ಇಲ್ಲ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ, ನಿಂತಿದ್ದರೆ ನೀರು ಆಚೆ, ಕುತ್ತಿಗೆ ತುರಿಸುವುದು. ಬೆನ್ನು ತಟ್ಟುವುದಕ್ಕಿಂತ ಹೆಗಲ ಮೇಲೆ, ಜೂಲಿನ ಬುಡದಲ್ಲಿ ಉಗುರಿನಿಂದ ತುರಿಸುವುದು ಅವಕ್ಕೆ ಇಷ್ಟ. ಎರಡು ಕುದುರೆ ನಿಂತರೆ ಒಂದಕ್ಕೊಂದು ಮಾಡಿಕೊಳ್ಳುವುದೂ ಅದನ್ನೇ. ಗೊರಸು, ಮಂಡಿ, ಭುಜ ಅಂತ ಮೇಲೆ ಮೇಲೆ ಹೋದೆವು. ಹಿಂಗಾಲು ಆಮೇಲೆ. ಪಕ್ಕೆ, ಹೊಟ್ಟೆಯ ಕೆಳಗು ಎಲ್ಲಕ್ಕಿಂತ ಕೊನೆಗೆ, ಅಲ್ಲಿಗೆ ಪೈಪಿಗಿಂತ ಮೊದಲು ಅಪ್ಪನ ಹಳೇ ಪಂಚೆಯ ಒದ್ದೆ ತುಂಡು ಹೋಯಿತು. ದಿನಕ್ಕೆ ಹತ್ತು ನಿಮಿಷ ಮೀರಲಿಲ್ಲ. ಚೆನ್ನಾಗಿ ನಡೆಯುತ್ತಿದ್ದಾಗಲೇ ಬಿಡುತ್ತಿದ್ದೆವು. ಇದು ನನಗೆ ಬಹಳ ಕಷ್ಟ. ಪಿಕಪ್ ಓಡಿಸುವವನಿಗೆ ಲೋಡು ಅರ್ಧ ಇಳಿಸಿ ಬರುವ ಅಭ್ಯಾಸವಿರುವುದಿಲ್ಲ.

ನಿಜವಾಗಿ ಸುಮ್ಮನಾಗಿದೆಯೋ, ಕಲ್ಲಾಗಿದೆಯೋ ಅಂತ ತಿಳಿಯುವುದು ಮುಖದಲ್ಲಿ. ತಲೆ ಭುಜದ ಮಟ್ಟಕ್ಕೆ ಇಳಿದು, ಕೆಳತುಟಿ ಜೋತು, ಮೂಗಿನಿಂದ ‘ಫುರ್ರ್’ ಅಂತ ಉದ್ದನೆ ಉಸಿರು ಬಿಟ್ಟು, ಒಂದು ಹಿಂಗಾಲನ್ನು ತುದಿ ಊರಿ ಸಡಿಲ ಬಿಟ್ಟರೆ ಸರಿ. ತಲೆ ಎತ್ತಿ, ತುಟಿ ಬಿಗಿದು, ಮೂಗಿನ ಹೊಳ್ಳೆ ಅಗಲಿಸಿ, ಬಾಲ ಒಳಗೆ ಅವುಚಿ, ಮೇಲಿಂದ ಮೇಲೆ ಲದ್ದಿ ಹಾಕುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಮುತ್ತಿಯ ‘ಫುರ್ರ್’ ಮೊದಲ ಸಲ ಕೇಳಿದ್ದು ಒಂಬತ್ತನೆಯ ದಿನ. ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ, ಹಾಲಿನ ಲೆಕ್ಕದ ಪಕ್ಕದಲ್ಲಿ.

ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುವುದನ್ನು ನೋಡಬೇಕಾದರೆ ದಸರೆಗೆ ಮುಂಚೆ ಮೈಸೂರಿಗೆ ಹೋಗಬೇಕು. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಆನೆ ಕುದುರೆ ಬೆದರಬಾರದಲ್ಲ, ಅದಕ್ಕೆ ವಾರಗಳ ಮುಂಚೆಯೇ ತಾಲೀಮು. ಆನೆಗಳನ್ನೂ ಅಶ್ವಾರೋಹಿ ಪಡೆಯ ಕುದುರೆಗಳನ್ನೂ ಸಾಲಾಗಿ ನಿಲ್ಲಿಸಿ ಫಿರಂಗಿ ಸಿಡಿಸುತ್ತಾರೆ. ಮೊದಲ ಸುತ್ತಿನಲ್ಲಿ ಕೆಲವು ಹಿಂದೆ ಸರಿಯುತ್ತವೆ, ಸುತ್ತು ಮುಂದುವರಿದಂತೆ ಹೊಂದಿಕೊಳ್ಳುತ್ತವೆ. ಪಳಗಿದ ಪ್ರಾಣಿಯನ್ನು ಹೊಸದರ ಪಕ್ಕ ನಿಲ್ಲಿಸುವುದರಲ್ಲೂ ಜಾಣತನ ಇದೆ. ಪಕ್ಕದ್ದು ಅಲುಗದಿದ್ದರೆ ಇದಕ್ಕೂ ಧೈರ್ಯ. ಹಿಂಗಾರಿನಲ್ಲಿ ನಮ್ಮ ಹೊಲಗಳಿಗೆ ಕುರಿ ಮಂದೆ ತರುವ ಕುರುಬರ ತಟ್ಟುಗಳನ್ನು ನೋಡಿ: ಹೊರೆ ಹೊತ್ತು ಹಳ್ಳಕ್ಕೆ ಇಳಿದು ಹೊಟ್ಟೆ ಮಟ್ಟದ ನೀರಿನಲ್ಲಿ ನಿಂತು ಬಾಲ ಆಡಿಸುತ್ತಿರುತ್ತವೆ. ಮರಿಯಾಗಿದ್ದಾಗಲೇ ತಾಯಿಯ ಪಕ್ಕದಲ್ಲಿ ಹಳ್ಳ ದಾಟಿದವು ಅವು. ನನ್ನ ಹತ್ತಿರ ಇರುವುದು ಒಂದೇ ಕುದುರೆ. ಅವಳಿಗೆ ಆ ಧೈರ್ಯವನ್ನು ಕೊಡಬೇಕಾದವರು ನಾನು ಮತ್ತು ಒಬ್ಬ ಹತ್ತನೇ ಕ್ಲಾಸಿನ ಹುಡುಗಿ.

ಹಾಗಂತ ಕುದುರೆಯನ್ನು ಕಾಲುವೆಗೆ ಇಳಿಸಲು ಹೋಗಬೇಡಿ. ತುಂಗಭದ್ರಾ ಕಾಲುವೆಯ ಅಂಚು ಕಡಿದು, ಗಾರೆ ಹಾಕಿದ್ದು. ಇಳಿದ ಪ್ರಾಣಿಗೆ ಹತ್ತಲು ಹಿಡಿತ ಸಿಗುವುದಿಲ್ಲ, ಹಿಡಿದವನಿಗೂ ಸಿಗುವುದಿಲ್ಲ.

ಹದಿನಾರನೆಯ ದಿನ ಎಲ್ಲ ಕೆಟ್ಟಿತು. ಹಸಿರು ಪೈಪು ಒಡೆದು, ಪೇಟೆಯಿಂದ ಕರೀ ಪೈಪು ತಂದಿದ್ದೆ. ಮುತ್ತಿ ಅದನ್ನು ಕಂಡು ಮೊದಲ ದಿನದಂತೆಯೇ ಹಿಂದಕ್ಕೆ ಹಾರಿದಳು. ನನಗೆ ಅಳು ಬರುವುದೊಂದು ಬಾಕಿ. ಫೋನಿನಲ್ಲಿ ಸಾಬರು ನಕ್ಕರು. ಅವಳು ಕಲಿತದ್ದು ಹಸಿರು ಪೈಪಿನ ಪಾಠ, ಬೇವಿನ ಮರದ ಕೆಳಗಿನ ಪಾಠ, ಸಂಜೆ ನಾಲ್ಕು ಗಂಟೆಯ ಪಾಠ. ಪೈಪು ಬದಲಾದರೆ, ಜಾಗ ಬದಲಾದರೆ ಕುದುರೆಗೆ ಅದು ಹೊಸ ವಸ್ತು, ಹೊಸ ಜಾಗ. ಮತ್ತೆ ಒಣ ಪೈಪಿನಿಂದ ಶುರು. ಸಮಾಧಾನವೆಂದರೆ ಎರಡನೆಯ ಸಲ ಹದಿನಾರು ದಿನ ಹಿಡಿಯಲಿಲ್ಲ, ಎರಡೇ ದಿನ ಸಾಕಾಯಿತು. ಆಮೇಲೆ ನಾವೇ ಬೇಕೆಂದು ಬಕೆಟ್, ಚೆಂಬು, ಪ್ಲಾಸ್ಟಿಕ್ ಮಗ್, ಎದುರು ಮನೆಯ ನಲ್ಲಿ ಎಲ್ಲವನ್ನೂ ಒಂದೊಂದಾಗಿ ತೋರಿಸಿದೆವು.

ಮುಖಕ್ಕೆ ಇವತ್ತಿಗೂ ಪೈಪು ಹಿಡಿಯುವುದಿಲ್ಲ. ಒದ್ದೆ ಬಟ್ಟೆ ಹಿಂಡಿ ಒರೆಸುವುದು, ಕಿವಿಯೊಳಗೆ ಹನಿ ಹೋಗದಂತೆ. ಸಾಬೂನು ಕಡಿಮೆ, ಬಟ್ಟೆ ಪುಡಿ ಬೇಡವೇ ಬೇಡ. ನುಕ್ರಾದ ಗುಲಾಬಿ ಚರ್ಮಕ್ಕೆ ಬಿಸಿಲೇ ಸುಡುತ್ತದೆ, ಸಾಬೂನು ಉಳಿದರೆ ಜೀನಿನ ಕೆಳಗೆ ಕೆರೆತ ಏಳುತ್ತದೆ. ಬಟ್ಟೆ, ಬ್ರಷ್ಷು ಒಂದು ಕುದುರೆಯದನ್ನು ಇನ್ನೊಂದಕ್ಕೆ ಹಾಕಬೇಡಿ, ಹುಳುಕಡ್ಡಿ ಹರಡುವುದು ಹಾಗೆಯೇ.

ಒಂದು ಹಳೇ ನಂಬಿಕೆಯ ಬಗ್ಗೆ ಸಾಬರಿಗೂ ನನಗೂ ಜಗಳವೇ ಆಯಿತು. ಬಿಸಿಲಲ್ಲಿ ದುಡಿದು ಬಂದ ಕುದುರೆಗೆ ತಣ್ಣೀರು ಹಾಕಿದರೆ ಮೈ ಹಿಡಿದುಕೊಳ್ಳುತ್ತದೆ, ಹೊಟ್ಟೆಶೂಲೆ ಬರುತ್ತದೆ ಅಂತ ಅವರು. ಅಪ್ಪನೂ ಹಾಗೇ ಹೇಳುತ್ತಿದ್ದ. ಆದರೆ 1996ರ ಅಟ್ಲಾಂಟಾ ಒಲಿಂಪಿಕ್ಸ್ ಬಂದಾಗ, ಅಲ್ಲಿನ ಸೆಕೆಯಲ್ಲಿ ಕುದುರೆಗಳು ಹೇಗೆ ತಡೆದಾವು ಎಂಬ ಚಿಂತೆಯಿಂದ ಪರೀಕ್ಷೆಗಳನ್ನು ಮಾಡಿದರು. ಕಾದ ಕುದುರೆಗೆ ತಣ್ಣೀರು ಧಾರಾಳವಾಗಿ ಹೊಯ್ಯುವುದೇ ಮೈ ತಣಿಸುವ ಒಳ್ಳೆಯ ದಾರಿ, ಅದರಿಂದ ಮಾಂಸಖಂಡ ಹಿಡಿದುಕೊಳ್ಳುವುದಿಲ್ಲ ಅಂತ ಗೊತ್ತಾಯಿತು. ಕುದುರೆಯ ಸಹಜ ಉಷ್ಣಾಂಶ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನಮ್ಮಲ್ಲಿ ವೈಶಾಖದ ಬಿಸಿಲು 40 ದಾಟುತ್ತದೆ, ಮದುವೆಗಳೂ ಆಗಲೇ. ಜರಿಯ ಹೊದಿಕೆ, ಬೆನ್ನ ಮೇಲೆ ಮದುಮಗ, ಸುತ್ತ ಜನರೇಟರಿನ ಕಾವು. ನೀರಿಗೆ ಹೆದರುವ ಕುದುರೆಯನ್ನು ಆಗ ತಣಿಸುವುದು ಹೇಗೆ? ನಮ್ಮ ಪಾಠದ ನಿಜವಾದ ಬೆಲೆ ನನಗೆ ಗೊತ್ತಾದದ್ದು ಬಿಳಿ ಬಣ್ಣದಲ್ಲಲ್ಲ, ಅಂಥ ಒಂದು ಮಧ್ಯಾಹ್ನ. ಸಿರುಗುಪ್ಪದ ಕಡೆಯ ಒಂದು ಮದುವೆಯಿಂದ ಇಳಿಸಿದಾಗ ಮುತ್ತಿಯ ಹೊಳ್ಳೆ ಬುಸುಗುಡುತ್ತಿತ್ತು, ತೊಡೆಯ ನಡುವೆ ಬೆವರು ನೊರೆಗಟ್ಟಿತ್ತು. ಕುದುರೆಯ ಬೆವರಿನಲ್ಲಿ ನೊರೆ ಬರಿಸುವ ಒಂದು ಪ್ರೋಟೀನು ಇರುತ್ತದೆ. ಛತ್ರದ ಹಿಂದಿನ ನೆರಳಿಗೆ ಒಯ್ದು, ಅಡುಗೆಯವರ ಪೈಪು ಕೇಳಿ ಪಡೆದು, ಮೊದಲ ಬಿಸಿನೀರು ಹರಿದು ಹೋಗುವ ತನಕ ಕೈ ಹಿಡಿದು ನೋಡಿ, ಕಾಲಿನಿಂದ ಮೇಲಕ್ಕೆ ಬಿಟ್ಟೆ. ಕಾಣದ ಜಾಗ, ಕಾಣದ ಪೈಪು. ಒಂದು ಹೆಜ್ಜೆ ಸರಿದಳು, ನಿಂತಳು. ನೀರು ಆಚೆ ಮಾಡಿದೆ. ಮತ್ತೆ ಹಿಡಿದೆ. ಕಾಲು ಗಂಟೆಯಲ್ಲಿ ಉಸಿರು ಹದಕ್ಕೆ ಬಂತು. ಅಡುಗೆ ಭಟ್ಟರು ಸೌಟು ಹಿಡಿದು ನೋಡುತ್ತಿದ್ದರು. ಇಷ್ಟೆಲ್ಲ ಹೇಳಿದರೂ ಸಾಬರು ಒಪ್ಪಿಲ್ಲ. ಒಲಿಂಪಿಕ್ಸಿನವರ ಕುದುರೆ ಬೇರೆ, ನಮ್ಮದು ಬೇರೆ ಅನ್ನುತ್ತಾರೆ.

ದೀಪಾವಳಿ ಕಳೆದು ಸಾಬರು ಮತ್ತೆ ಬಂದಿದ್ದರು. ತೊಳೆಯುವುದನ್ನು ನೋಡಲಿ ಅಂತ ಆಸೆಪಟ್ಟಿದ್ದೆ, ಬಸ್ಸು ತಡವಾಗಿ ಅವರು ಬರುವಷ್ಟರಲ್ಲಿ ಮುಗಿದಿತ್ತು. ಮುತ್ತಿ ಆಗಲೇ ಹಿತ್ತಲಿನ ಕೆಂಪು ಮಣ್ಣಿನಲ್ಲಿ ಮನಸೋ ಇಚ್ಛೆ ಹೊರಳಿ, ಎದ್ದು ಮೈ ಕೊಡವಿ, ಹುಲ್ಲಿಗೆ ಬಾಯಿ ಹಾಕಿದ್ದಳು. ಅವರು ಅವಳ ಕಡೆ ಕಣ್ಣೆತ್ತಲಿಲ್ಲ. ಕೋಲೂರಿಕೊಂಡು ಬೇವಿನ ಮರದ ಕೆಳಗೆ ಹೋಗಿ ನಿಂತರು. ಒದ್ದೆ ಗರಸಿನಲ್ಲಿ ನಾಲ್ಕು ಗೊರಸಿನ ಗುರುತು, ನಾಲ್ಕರಲ್ಲೂ ನೀರು ತುಂಬಿತ್ತು. ಸುತ್ತಲ ಮಣ್ಣು ಎಲ್ಲೂ ಕದಡಿರಲಿಲ್ಲ. ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ, ಮುತ್ತಿಯ ಹೊಟ್ಟೆಯ ಕೆಳಗೆ ಕೋಲು ತೋರಿಸಿ, “ಅಲ್ಲಿ ಸಾಬೂನು ಉಳದೈತಿ” ಅಂದರು.